ಗೂಡ್ಸ್ ಗಾಡಿ ಊರು ಬಿಟ್ಟಾಗ

ರೈಲ್ವೆ ಗೇಟಿನ ಮುಂದೆ ನಿಂತು ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸದವರು ನಮ್ಮಲ್ಲಿ ವಿರಳ. ಹುಡುಗರಿಗೆ ಅದೊಂದು ಆಟ. ಆಸ್ಪತ್ರೆಗೆ ಹೊರಟವರಿಗೆ, ಪರೀಕ್ಷೆಗೆ ಹೊತ್ತಾದವರಿಗೆ ಅದೇ ಒಂದು ಶಿಕ್ಷೆ. ಕಲ್ಲಿದ್ದಲು, ಸಿಮೆಂಟು, ಗೊಬ್ಬರ, ಎಣ್ಣೆ ಹೊತ್ತ ಆ ಗಾಡಿಗೆ ಈ ಊರಿನಲ್ಲಿ ಇಳಿಯುವವರೂ ಇಲ್ಲ, ಹತ್ತುವವರೂ ಇಲ್ಲ. ಹಾಗಿದ್ದ ಮೇಲೆ ಅದು ಊರ ನಡುವೆಯೇ ಏಕೆ ಹೋಗಬೇಕು, ಹೊರಗಿನಿಂದ ಸುತ್ತಿಕೊಂಡು ಹೋಗಬಾರದೆ ಎಂದು ಗೇಟಿನಲ್ಲಿ ಕಾದವರಿಗೆಲ್ಲ ಒಮ್ಮೆಯಾದರೂ ಅನಿಸಿರುತ್ತದೆ.

ಈ ಪ್ರಶ್ನೆ ರೈಲಿನಷ್ಟೇ ಹಳೆಯದು. ಅದಕ್ಕೆ ಹೆಚ್ಚು ಬಗೆಯ ಉತ್ತರಗಳನ್ನು ಹುಡುಕಿದ ದೇಶ ಅಮೆರಿಕ. ಅಲ್ಲಿ ಪ್ರಯಾಣಿಕರ ರೈಲು ಸೊರಗಿದರೂ ಸರಕಿನ ರೈಲು ದಷ್ಟಪುಷ್ಟವಾಗಿ ಉಳಿದಿದೆ. ಮೂರು ದೊಡ್ಡ ನಗರಗಳು ತಮ್ಮ ಬೀದಿಗಳಿಂದ ಸರಕಿನ ಹಳಿಯನ್ನು ಮೂರು ರೀತಿಯಲ್ಲಿ ತೆಗೆದವು. ನ್ಯೂಯಾರ್ಕ್ ಹಳಿಯನ್ನು ಮೇಲಕ್ಕೆತ್ತಿತು, ಲಾಸ್ ಏಂಜಲಿಸ್ ನೆಲದೊಳಕ್ಕೆ ಇಳಿಸಿತು, ಶಿಕಾಗೊದಲ್ಲಿ ಗಾಡಿಗಳನ್ನು ಊರಾಚೆಯ ಸುತ್ತುದಾರಿಗೆ ತಿರುಗಿಸಲಾಯಿತು. ಮೂರೂ ಕಡೆ ಆದದ್ದನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಸರಕಿನ ಗಾಡಿ ಒಬ್ಬರ ಮನೆಬಾಗಿಲಿನಿಂದ ಹೊರಟರೆ ಸಾಮಾನ್ಯವಾಗಿ ಇನ್ನೊಬ್ಬರ ಮನೆಬಾಗಿಲಿಗೇ ಬರುತ್ತದೆ. ಆ ಇನ್ನೊಬ್ಬರನ್ನು ಲೆಕ್ಕಕ್ಕೆ ತೆಗೆದುಕೊಂಡರೋ ಇಲ್ಲವೋ ಎಂಬುದರ ಮೇಲೆ ಯೋಜನೆಯ ಯೋಗ್ಯತೆ ತೀರ್ಮಾನವಾಗುತ್ತದೆ.

ಹಳಿ ಮೊದಲು, ಊರು ಆಮೇಲೆ

ಊರ ನಡುವೆ ಹಳಿ ಹಾಕಿದವರು ದಡ್ಡರಾಗಿರಲಿಲ್ಲ. ಅವರು ಹಾಕಿದಾಗ ಆ ಜಾಗ ಊರ ನಡುವೆ ಇರಲೇ ಇಲ್ಲ. 1848ರಲ್ಲಿ ಶಿಕಾಗೊದಿಂದ ಮೊದಲ ರೈಲು ಹೊರಟಾಗ ಅದು ಕೆಸರು ತುಂಬಿದ ಸಣ್ಣ ಪಟ್ಟಣ. ರೈಲು ಬಂದದ್ದರಿಂದ ದನದ ಮಾರುಕಟ್ಟೆ ಬಂತು, ಧಾನ್ಯದ ಕಣಜಗಳು ಬಂದವು, ಕಾರ್ಖಾನೆಗಳು ಬಂದವು. ಕಾರ್ಖಾನೆಗಳ ಸುತ್ತ ಮನೆಗಳು ಎದ್ದವು. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಊರು ಹಳಿಯ ಎರಡೂ ಬದಿಗೆ ಬೆಳೆದು, ಊರನ್ನು ಕಟ್ಟಿದ ಹಳಿಯೇ ಊರಿಗೆ ಅಡ್ಡಿಯಾಯಿತು.

ಒಮ್ಮೆ ಹಾಕಿದ ಹಳಿಯನ್ನು ಬದಲಿಸುವುದು ರಸ್ತೆಯನ್ನು ಬದಲಿಸಿದಷ್ಟು ಸುಲಭವಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಅಷ್ಟು ಭಾರವನ್ನು ಅಷ್ಟು ಕಡಿಮೆ ಇಂಧನದಲ್ಲಿ ಎಳೆಯಲು ಸಾಧ್ಯವಾಗುವುದು ಆದ್ದರಿಂದಲೇ. ಆದರೆ ಅದೇ ಕಾರಣಕ್ಕೆ ಭಾರದ ಗಾಡಿ ದಿಢೀರನೆ ಏರಲಾರದು, ಥಟ್ಟನೆ ನಿಲ್ಲಲಾರದು. ನೂರು ಅಡಿ ಮುಂದೆ ಸಾಗಿದಾಗ ಒಂದು ಅಡಿ ಏರುವುದೇ ಅದಕ್ಕೆ ದೊಡ್ಡ ಏರು. ಆ ಲೆಕ್ಕದಲ್ಲಿ ಹಳಿಯನ್ನು ರಸ್ತೆಯ ಮೇಲೆ ಏಳು ಮೀಟರ್ ಎತ್ತಬೇಕಾದರೆ ಎರಡೂ ಕಡೆ ಏಳುನೂರು ಮೀಟರ್ ಉದ್ದದ ಏರಿ ಬೇಕು. ವೇಗವಾಗಿ ಬರುವ ಉದ್ದನೆಯ ಸರಕು ಗಾಡಿ ಬ್ರೇಕ್ ಹಾಕಿದ ಮೇಲೆ ಪೂರ್ತಿ ನಿಲ್ಲಲು ಒಂದೂವರೆ ಕಿಲೋಮೀಟರ್‌ಗೂ ಹೆಚ್ಚು ದೂರ ಸಾಗುವುದುಂಟು. ತಿರುವುಗಳೂ ಅಗಲವಾಗಿರಬೇಕು. ಇವೆಲ್ಲಕ್ಕೂ ಬೇಕಾದ ಜಾಗ, ಬೆಳೆದುಬಿಟ್ಟ ಊರಿನೊಳಗೆ ಎಲ್ಲಿಂದ ಬರಬೇಕು?

ಗೇಟಿನ ಲೆಕ್ಕ ಇನ್ನೂ ಸರಳ. ಅಮೆರಿಕದಲ್ಲಿ ಮೂರು ಕಿಲೋಮೀಟರ್ ಮೀರಿದ ಗಾಡಿಗಳು ಅಪರೂಪವಲ್ಲ. 3.2 ಕಿ.ಮೀ. ಉದ್ದದ ಗಾಡಿ ಊರೊಳಗೆ ಹೆದರಿಕೊಂಡು ಗಂಟೆಗೆ 16 ಕಿ.ಮೀ. ವೇಗದಲ್ಲಿ ಸಾಗಿದರೆ ಒಂದು ಗೇಟನ್ನು ದಾಟಲು 12 ನಿಮಿಷ ಬೇಕು. ಅದೇ ಗಾಡಿ 64 ಕಿ.ಮೀ. ವೇಗದಲ್ಲಿ ಹೋದರೆ ಮೂರೇ ನಿಮಿಷ. ಗೇಟುಗಳಿರುವುದರಿಂದ ಗಾಡಿ ನಿಧಾನವಾಗಿ ಹೋಗಬೇಕು, ಗಾಡಿ ನಿಧಾನವಾಗಿ ಹೋಗುವುದರಿಂದ ಗೇಟುಗಳು ಹೆಚ್ಚು ಹೊತ್ತು ಮುಚ್ಚಿರಬೇಕು. ಈ ವಿಷವರ್ತುಲವನ್ನು ಮುರಿಯುವುದೇ ಹಳಿಯನ್ನು ಬೀದಿಯಿಂದ ತೆಗೆಯುವ ಎಲ್ಲ ಯೋಜನೆಗಳ ಉದ್ದೇಶ.

ನ್ಯೂಯಾರ್ಕ್: ಕುದುರೆ ಮುಂದೆ, ರೈಲು ಹಿಂದೆ

ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ಪಶ್ಚಿಮ ಅಂಚಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಸರಕಿನ ರೈಲು ಓಡತೊಡಗಿತು. ಬೇಲಿ ಇಲ್ಲ, ಗೇಟಿಲ್ಲ, ಹತ್ತನೆಯ ಮತ್ತು ಹನ್ನೊಂದನೆಯ ಅವೆನ್ಯೂ ಎಂಬ ಹೆಬ್ಬೀದಿಗಳ ನಡುವೆಯೇ ಹಳಿ. ಹಾಲು, ಮಾಂಸ, ಮೊಟ್ಟೆ, ತರಕಾರಿ ಎಲ್ಲವೂ ಅದರ ಮೇಲೆಯೇ ಬರಬೇಕು. ಹಳಿಯ ಪಕ್ಕದಲ್ಲಿ ಬಡ ವಲಸೆಗಾರರ ವಠಾರಗಳು. ಆ ವಠಾರದ ಮಕ್ಕಳಿಗೆ ಬೀದಿಯೇ ಆಟದ ಬಯಲು.

ಜನ ಸಾಯತೊಡಗಿದಾಗ ನಗರಾಡಳಿತ ಒಂದು ಉಪಾಯ ಮಾಡಿತು. ಪ್ರತಿ ಗಾಡಿಯ ಮುಂದೆ ಒಬ್ಬ ಸವಾರ ಕುದುರೆಯ ಮೇಲೆ, ಹಗಲಲ್ಲಿ ಕೆಂಪು ಬಾವುಟ, ರಾತ್ರಿ ಕೆಂಪು ಲಾಂದ್ರ ಹಿಡಿದು, ಜನರನ್ನು ಎಚ್ಚರಿಸುತ್ತ ಹೋಗಬೇಕು ಎಂದು ನಿಯಮವಾಯಿತು. ಜನ ಅವರನ್ನು 'ವೆಸ್ಟ್ ಸೈಡ್ ಕೌಬಾಯ್' ಎಂದು ಕರೆದರು. ಗಗನಚುಂಬಿ ಕಟ್ಟಡಗಳ ನಗರದಲ್ಲಿ ರೈಲಿಗೆ ದಾರಿ ಬಿಡಿಸುವ ಕುದುರೆ ಸವಾರರು 1941ರವರೆಗೂ ಇದ್ದರೆಂದರೆ ಇಂದು ನಂಬುವುದು ಕಷ್ಟ. ಕುದುರೆಯಿಂದ ಸಾವು ನಿಲ್ಲಲಿಲ್ಲ. ಆ ಬೀದಿಗೆ 'ಸಾವಿನ ಅವೆನ್ಯೂ' ಎಂಬ ಹೆಸರು ಅಂಟಿತು. 1908ರಲ್ಲಿ ಏಳು ವರ್ಷದ ಒಬ್ಬ ಹುಡುಗ ಗಾಡಿಗೆ ಸಿಕ್ಕಿ ಸತ್ತ ಬಳಿಕ ಸುಮಾರು 500 ಮಕ್ಕಳು ಬೀದಿಯಲ್ಲಿ ಮೆರವಣಿಗೆ ನಡೆಸಿದರು. ಅರ್ಧ ಶತಮಾನದಲ್ಲಿ ನಾನೂರಕ್ಕೂ ಹೆಚ್ಚು ಜನ ಆ ಹಳಿಗಳ ಮೇಲೆ ಸತ್ತಿದ್ದಾರೆಂದು ಅದೇ ಸುಮಾರಿಗೆ ಒಂದು ಸಂಸ್ಥೆ ಲೆಕ್ಕ ಕೊಟ್ಟಿತು.

ಇಷ್ಟಾದರೂ ನಗರ, ರಾಜ್ಯ ಮತ್ತು ರೈಲ್ವೆ ಕಂಪನಿ ಒಂದು ಒಪ್ಪಂದಕ್ಕೆ ಬರಲು 1929 ಆಗಬೇಕಾಯಿತು. ಯಾರು ಹಣ ಹಾಕಬೇಕು, ಬೀದಿಯ ನೆಲ ಯಾರದು ಎಂಬ ಜಗಳದಲ್ಲಿ ಇಪ್ಪತ್ತು ವರ್ಷ ಕಳೆದಿತ್ತು. ಒಪ್ಪಂದದ ಪ್ರಕಾರ ಸುಮಾರು 13 ಮೈಲಿ ಉದ್ದದ ಮಾರ್ಗದಲ್ಲಿ 105 ರಸ್ತೆ ದಾಟುಗಳನ್ನು ತೆಗೆದುಹಾಕಲಾಯಿತು. ದಕ್ಷಿಣ ಭಾಗದಲ್ಲಿ ಹಳಿಯನ್ನು ಉಕ್ಕಿನ ಕಂಬಗಳ ಮೇಲೆ ಎತ್ತಿ, ಬೀದಿಯ ಮೇಲಲ್ಲದೆ ಕಟ್ಟಡಗಳ ಸಾಲಿನ ಹಿಂಬದಿಯಲ್ಲಿ, ಕೆಲವೆಡೆ ಕಟ್ಟಡದ ಹೊಟ್ಟೆಯೊಳಗೇ ಹಾಯಿಸಿದರು. ನಬಿಸ್ಕೊ ಬಿಸ್ಕತ್ತು ಕಾರ್ಖಾನೆಯ ಮಹಡಿಗೆ ವ್ಯಾಗನ್ ನೇರವಾಗಿ ಬಂದು ನಿಲ್ಲುತ್ತಿತ್ತು. 1934ರಲ್ಲಿ ಈ ಮೇಲ್ಹಳಿ ಉದ್ಘಾಟನೆಯಾಯಿತು.

ಉತ್ತರ ಭಾಗದ ಕಥೆ ಬೇರೆ. ಅಲ್ಲಿ ನಗರದ ನಿರ್ಮಾಣಗಳ ಸರ್ವಾಧಿಕಾರಿಯಂತಿದ್ದ ರಾಬರ್ಟ್ ಮೋಸೆಸ್ ಹಳಿಯ ಮೇಲೆ ಮುಚ್ಚಿಗೆ ಹಾಕಿಸಿ, ಅದರ ಮೇಲೆ ಮಣ್ಣು ತುಂಬಿಸಿ ರಿವರ್‌ಸೈಡ್ ಉದ್ಯಾನವನ್ನು ಬೆಳೆಸಿದ. 72ನೆಯ ಬೀದಿಯಿಂದ ಉತ್ತರಕ್ಕೆ ಉಳ್ಳವರ ಮನೆಗಳಿದ್ದಷ್ಟು ದೂರ ಗಾಡಿಯ ಹೊಗೆಯೂ ಸದ್ದೂ ನೆಲದಡಿಗೆ ಹೋದವು. ಕಪ್ಪು ಜನರ ಹಾರ್ಲೆಮ್ ಪ್ರದೇಶ ಬಂದಲ್ಲಿ ಮುಚ್ಚಿಗೆ ನಿಂತಿತು, ಹಳಿ ಬಯಲಲ್ಲೇ ಉಳಿಯಿತು. 1974ರಲ್ಲಿ ಮೋಸೆಸ್‌ನ ಜೀವನಚರಿತ್ರೆ ಬರೆದ ರಾಬರ್ಟ್ ಕಾರೊ ಈ ವ್ಯತ್ಯಾಸವನ್ನು ಬೆರಳಿಟ್ಟು ತೋರಿಸಿದ. ಹಳಿ ಒಂದೇ, ಗಾಡಿಯೂ ಒಂದೇ. ಯಾರ ಕಿಟಕಿಯ ಮುಂದೆ ಅದನ್ನು ಮುಚ್ಚಬೇಕು, ಯಾರ ಕಿಟಕಿಯ ಮುಂದೆ ಬಿಟ್ಟರೂ ನಡೆಯುತ್ತದೆ ಎಂಬುದನ್ನು ಮಾತ್ರ ಮನುಷ್ಯರು ತೀರ್ಮಾನಿಸಿದ್ದರು.

ಅಷ್ಟು ಖರ್ಚಿನ ಮೇಲ್ಹಳಿಗೆ ಆಯುಸ್ಸು ಕಡಿಮೆ. ಎರಡನೆಯ ಮಹಾಯುದ್ಧದ ನಂತರ ಹೆದ್ದಾರಿಗಳು ಬಂದವು, ಲಾರಿಗಳು ಬಂದವು, ಕಾರ್ಖಾನೆಗಳು ನಗರ ಬಿಟ್ಟವು. 1960ರ ದಶಕದಲ್ಲಿ ಮೇಲ್ಹಳಿಯ ದಕ್ಷಿಣದ ತುದಿಯನ್ನು ಕೆಡವಿದರು. 1980ರಲ್ಲಿ ಕೊನೆಯ ಗಾಡಿ ಓಡಿತು. ಉಳಿದ ಉಕ್ಕಿನ ಸೇತುವೆಯ ಮೇಲೆ ಹುಲ್ಲು ಬೆಳೆಯಿತು. ಅದನ್ನು ಉಳಿಸಬೇಕೆಂದು 1999ರಲ್ಲಿ ಸ್ಥಳೀಯರು ಸಂಘ ಕಟ್ಟಿದರು, 2009ರಲ್ಲಿ ಅದು 'ಹೈ ಲೈನ್' ಎಂಬ ಉದ್ಯಾನವಾಗಿ ತೆರೆಯಿತು. ಇಂದು ಜಗತ್ತಿನ ಪ್ರವಾಸಿಗರು ಅಲ್ಲಿ ಅಡ್ಡಾಡುತ್ತಾರೆ.

ಆದರೆ ಊರು ಉಣ್ಣುವುದನ್ನು ಬಿಟ್ಟಿಲ್ಲ. ನ್ಯೂಯಾರ್ಕಿಗೆ ಬರುವ ಸರಕಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟನ್ನು ಈಗ ಲಾರಿಗಳು ತರುತ್ತವೆ. ಹಡ್ಸನ್ ನದಿಯ ಮೇಲೆ ಪೊಕಿಪ್ಸಿ ಎಂಬಲ್ಲಿದ್ದ ರೈಲು ಸೇತುವೆ 1974ರಲ್ಲಿ ಬೆಂಕಿಗೆ ಸಿಕ್ಕಿ ಮುಚ್ಚಿದ ಮೇಲೆ, ಪಶ್ಚಿಮದಿಂದ ಬರುವ ವ್ಯಾಗನ್ ನೆಲದ ಮೇಲೆಯೇ ನದಿ ದಾಟಬೇಕಾದರೆ ನಗರದಿಂದ 225 ಕಿ.ಮೀ. ಉತ್ತರದಲ್ಲಿರುವ ಸೆಲ್ಕರ್ಕ್‌ವರೆಗೆ ಹೋಗಿ ಹಿಂತಿರುಗಬೇಕು. ಇಲ್ಲವೇ ದೋಣಿಯ ಮೇಲೆ ಏರಿ ಬಂದರನ್ನು ದಾಟಬೇಕು. ಮ್ಯಾನ್‌ಹಟನ್‌ನ ಹಳೆಯ ಹಣ್ಣು ತರಕಾರಿ ಸಗಟು ಮಾರುಕಟ್ಟೆಯನ್ನು 1967ರಲ್ಲಿ ದಕ್ಷಿಣ ಬ್ರಾಂಕ್ಸ್‌ನ ಹಂಟ್ಸ್ ಪಾಯಿಂಟಿಗೆ ಸಾಗಿಸಲಾಯಿತು. ಅಲ್ಲಿಗೆ ಹಗಲಿರುಳು ಲಾರಿಗಳು ಬಂದುಹೋಗುತ್ತವೆ. ಸುತ್ತಲಿನ ಬಡ ಬಡಾವಣೆಗಳ ಮಕ್ಕಳಲ್ಲಿ ಆಸ್ತಮಾ ಹೆಚ್ಚು ಎಂದು ವೈದ್ಯರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಸಾವಿನ ಬೀದಿ ಉದ್ಯಾನದ ಬೀದಿಯಾದದ್ದು ನಿಜವಾದ ಸಾಧನೆ. ಅಲ್ಲಿ ಇಳಿಯುತ್ತಿದ್ದ ಭಾರ ಈಗ ಎಲ್ಲಿ ಇಳಿಯುತ್ತಿದೆ ಎಂಬುದನ್ನೂ ಅದರೊಡನೆ ಸೇರಿಸಿ ನೋಡಬೇಕು.

ಲಾಸ್ ಏಂಜಲಿಸ್: ನೆಲದೊಳಗಿನ ಕಾಲುವೆ

ಪಶ್ಚಿಮ ಕರಾವಳಿಯ ಲಾಸ್ ಏಂಜಲಿಸ್ ಮತ್ತು ಅದರ ಪಕ್ಕದ ಲಾಂಗ್ ಬೀಚ್ ಅಮೆರಿಕದ ಅತಿ ದೊಡ್ಡ ಅವಳಿ ಬಂದರುಗಳು. ಏಷ್ಯಾದಿಂದ ಬರುವ ಕಂಟೈನರುಗಳು ಇಲ್ಲಿ ಹಡಗಿನಿಂದ ಇಳಿದು ಒಳನಾಡಿಗೆ ಹೋಗಬೇಕು. ಮುಖ್ಯ ರೈಲುಮಾರ್ಗಗಳು ಇರುವುದು ನಗರದ ನಡುಭಾಗದ ಬಳಿ, ಬಂದರಿನಿಂದ 32 ಕಿ.ಮೀ. ದೂರದಲ್ಲಿ. ನಡುವೆ ಕಾಂಪ್ಟನ್, ಲಿನ್‌ವುಡ್, ಸೌತ್ ಗೇಟ್, ಹಂಟಿಂಗ್ಟನ್ ಪಾರ್ಕ್ ಮುಂತಾದ ಕೂಲಿಕಾರರ ಊರುಗಳು. ಬೇರೆ ಬೇರೆ ಕಂಪನಿಗಳ ನಾಲ್ಕು ಕವಲು ಹಳಿಗಳು ಈ ಊರುಗಳನ್ನು ಅಡ್ಡಾದಿಡ್ಡಿ ಸೀಳಿಕೊಂಡು ಸಾಗುತ್ತಿದ್ದವು. ಸುಮಾರು 200 ಕಡೆ ರಸ್ತೆಯೂ ಹಳಿಯೂ ಒಂದೇ ಮಟ್ಟದಲ್ಲಿ ಸೇರುತ್ತಿದ್ದವು.

ಇಲ್ಲಿ ಆರಿಸಿಕೊಂಡ ದಾರಿಗೆ 'ಅಲಮೀಡ ಕಾರಿಡಾರ್' ಎಂದು ಹೆಸರು. ನಾಲ್ಕೂ ಮಾರ್ಗಗಳ ಗಾಡಿಗಳನ್ನು ಅಲಮೀಡ ಬೀದಿಯ ಪಕ್ಕದ ಒಂದೇ ಮಾರ್ಗಕ್ಕೆ ತಂದು, ನಡುವಿನ 16 ಕಿ.ಮೀ. ಉದ್ದಕ್ಕೂ ಹತ್ತು ಮೀಟರ್ ಆಳದ, ಹದಿನೈದು ಮೀಟರ್ ಅಗಲದ ಕಾಂಕ್ರೀಟ್ ಕಂದಕ ತೋಡಿದರು. ಹಳಿಗಳು ಕಂದಕದ ತಳದಲ್ಲಿ, ಅಡ್ಡರಸ್ತೆಗಳು ಮೇಲಿನ ಸೇತುವೆಗಳ ಮೇಲೆ. 2002ರ ಏಪ್ರಿಲ್‌ನಲ್ಲಿ ಗಾಡಿಗಳು ಓಡತೊಡಗಿದವು. ಹಿಂದೆ ತೆವಳುತ್ತಿದ್ದ ಗಾಡಿ ಈಗ ಗಂಟೆಗೆ 64 ಕಿ.ಮೀ. ವೇಗದಲ್ಲಿ ಸಾಗಬಹುದು. ಮೇಲಿನ ರಸ್ತೆಯಲ್ಲಿ ಯಾರೂ ಕಾಯಬೇಕಾಗಿಲ್ಲ.

ಇದಕ್ಕೆ ತಗುಲಿದ ವೆಚ್ಚ ಸುಮಾರು 240 ಕೋಟಿ ಡಾಲರ್. ಹಣ ಹೊಂದಿಸಿದ ರೀತಿ ಗಮನಾರ್ಹ. ಬಂದರುಗಳು ಒಂದು ಪಾಲು ಹಾಕಿದವು, ಕೇಂದ್ರ ಸರ್ಕಾರ 40 ಕೋಟಿ ಡಾಲರ್ ಸಾಲ ಕೊಟ್ಟಿತು, ಹೆಚ್ಚುಕಡಿಮೆ ಅರ್ಧ ಭಾಗವನ್ನು ಬಾಂಡುಗಳ ಮೂಲಕ ಎತ್ತಲಾಯಿತು. ಆ ಸಾಲವನ್ನು ತೀರಿಸಲು ಹಳಿಯ ಮೇಲೆ ಸಾಗುವ ಪ್ರತಿ ಕಂಟೈನರಿಗೂ ಸುಂಕ ಕಟ್ಟಿದರು. ಗೇಟಿನಲ್ಲಿ ಕಾಯುತ್ತಿದ್ದ ಕಾಂಪ್ಟನ್‌ನವನು ಮಾತ್ರವಲ್ಲ, ಶಿಕಾಗೊದಲ್ಲಿ ಕುಳಿತು ಏಷ್ಯಾದ ಬೂಟು ಕೊಳ್ಳುವವನೂ ಹೀಗೆ ಆ ಕಂದಕಕ್ಕೆ ಪಾಲು ಕೊಟ್ಟಂತಾಯಿತು.

ಇದೂ ಜಗಳವಿಲ್ಲದೆ ಆಗಲಿಲ್ಲ. ಲಾಭ ಬಂದರಿಗೆ, ಅಗೆತದ ಧೂಳು ನಮಗೆ ಎಂದು ದಾರಿಯ ಊರುಗಳು ನ್ಯಾಯಾಲಯಕ್ಕೆ ಹೋದವು. ಕೊನೆಗೆ ರಾಜಿಯಾಗಿ ಅವುಗಳಿಗೆ ಪರಿಹಾರ ಸಿಕ್ಕಿತು. ಸ್ಥಳೀಯರಲ್ಲಿ ಸಾವಿರ ಜನರಿಗೆ ಕಟ್ಟಡ ಕೆಲಸದ ತರಬೇತಿ ಕೊಡುವ ಏರ್ಪಾಡೂ ಆಯಿತು. ಜಗಳವಾಡಿದ್ದರಿಂದಲೇ ಸಿಕ್ಕಿತು ಎನ್ನುವುದನ್ನು ಮರೆಯಬಾರದು.

ಇಷ್ಟಾಗಿಯೂ ಕಂದಕ ಕೊನೆಗೊಂಡ ಕಡೆ ಗಾಡಿ ಕೊನೆಗೊಳ್ಳುವುದಿಲ್ಲ. ಮೇಲೆದ್ದ ಗಾಡಿಗಳು ಪೂರ್ವದ ಸ್ಯಾನ್ ಗೇಬ್ರಿಯಲ್ ಕಣಿವೆಯ ಊರುಗಳ ಮೂಲಕ ಹೋಗಬೇಕು. ಬಂದರಿನ ವಹಿವಾಟು ಬೆಳೆದಂತೆ ಆ ಊರುಗಳ ಗೇಟುಗಳಲ್ಲಿ ಸಾಲು ಉದ್ದವಾಯಿತು. ಅವರಿಗಾಗಿ 'ಅಲಮೀಡ ಕಾರಿಡಾರ್ ಪೂರ್ವ' ಎಂಬ ಇನ್ನೊಂದು ಯೋಜನೆ ಬೇಕಾಯಿತು. ಅಲ್ಲಿಯೂ ಸೇತುವೆಗಳು, ಅಲ್ಲಿಯೂ ಒಂದು ಕಂದಕ.

ಶಿಕಾಗೊ: ಊರಾಚೆಯ ಸುತ್ತುದಾರಿ

ಹಳಿಯನ್ನು ಎತ್ತುವುದೂ ಬೇಡ, ಇಳಿಸುವುದೂ ಬೇಡ, ಊರಿನಿಂದಾಚೆ ಕಳಿಸಿಬಿಡೋಣ ಎಂಬ ಮೂರನೆಯ ದಾರಿಯನ್ನು ಶಿಕಾಗೊದಲ್ಲಿ ನೋಡಬೇಕು. ಪೂರ್ವದ ರೈಲ್ವೆ ಕಂಪನಿಗಳ ಹಳಿ ಅಲ್ಲಿಗೆ ಬಂದು ಮುಗಿಯುತ್ತಿತ್ತು, ಪಶ್ಚಿಮದ ಕಂಪನಿಗಳ ಹಳಿ ಅಲ್ಲಿಂದ ಶುರುವಾಗುತ್ತಿತ್ತು. ಆದ್ದರಿಂದ ಪೂರ್ವ ಪಶ್ಚಿಮಗಳ ನಡುವಿನ ವ್ಯಾಗನುಗಳು ಅಲ್ಲಿ ಕೈ ಬದಲಾಯಿಸುವುದು ವಾಡಿಕೆಯಾಯಿತು. ಇಂದಿಗೂ ಅಮೆರಿಕದ ರೈಲು ಸರಕಿನ ಸುಮಾರು ಕಾಲು ಭಾಗ ಶಿಕಾಗೊ ಪ್ರದೇಶವನ್ನು ಮುಟ್ಟಿ ಹೋಗುತ್ತದೆ. ಸಾವಿರಾರು ಮೈಲಿಯನ್ನು ಎರಡು ದಿನದಲ್ಲಿ ಓಡಿ ಬಂದ ವ್ಯಾಗನ್ ಈ ಒಂದು ನಗರವನ್ನು ದಾಟಲು ಒಂದು ದಿನಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ ಎಂಬ ದೂರು ಬಹುಕಾಲ ಇತ್ತು.

ಕೆನಡಾದ ದೊಡ್ಡ ಕಂಪನಿ 'ಕೆನೇಡಿಯನ್ ನ್ಯಾಷನಲ್' ಐದು ದಿಕ್ಕಿನಿಂದ ಶಿಕಾಗೊಕ್ಕೆ ಬರುವ ಹಳಿಗಳನ್ನು ಹೊಂದಿತ್ತು. ಅವನ್ನು ಜೋಡಿಸುವ ಸ್ವಂತದ ನೇರ ದಾರಿ ಮಾತ್ರ ಇರಲಿಲ್ಲ. ನಗರದಿಂದ ಸುಮಾರು 50 ಕಿ.ಮೀ. ಆಚೆ, ಬಿಲ್ಲಿನಂತೆ ಬಾಗಿ, ಶಿಕಾಗೊವನ್ನು ಅರ್ಧ ಸುತ್ತುವ ಒಂದು ಹಳೆಯ ಮಾರ್ಗವಿತ್ತು. 1880ರ ದಶಕದಲ್ಲಿ ಹುಟ್ಟಿದ 'ಎಲ್ಜಿನ್, ಜೋಲಿಯೆಟ್ ಅಂಡ್ ಈಸ್ಟರ್ನ್' ಎಂಬ ಆ ರೈಲು ಬಹುಕಾಲ ಉಕ್ಕಿನ ಕಾರ್ಖಾನೆಗಳ ಸೇವೆಯಲ್ಲಿತ್ತು. ಉಕ್ಕಿನ ಕೆಲಸ ಇಳಿದ ಮೇಲೆ ಅದರ ಪಶ್ಚಿಮ ಭಾಗದಲ್ಲಿ ಗಾಡಿಗಳು ವಿರಳವಾಗಿದ್ದವು. 2007ರಲ್ಲಿ ಕೆನಡಾದ ಕಂಪನಿ ಅದನ್ನು 30 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ನಗರದೊಳಗಿನ ತನ್ನ ಗಾಡಿಗಳನ್ನು ಈ ಸುತ್ತುದಾರಿಗೆ ತಿರುಗಿಸುವುದು ಅದರ ಎಣಿಕೆ.

ನಗರದವರಿಗೂ ಒಳಗಿನ ಉಪನಗರಗಳವರಿಗೂ ಸಂತೋಷವಾಯಿತು. ಸುತ್ತುದಾರಿಯ ಊರುಗಳು ಸಿಟ್ಟಿಗೆದ್ದವು. ಬ್ಯಾರಿಂಗ್ಟನ್ ಎಂಬ ಪಟ್ಟಣದಲ್ಲಿ ದಿನಕ್ಕೆ ಐದರಷ್ಟಿದ್ದ ಗಾಡಿಗಳು ಇಪ್ಪತ್ತಕ್ಕೆ ಏರುವ ಅಂದಾಜಿತ್ತು. ಪಟ್ಟಣ ಚಿಕ್ಕದು, ಆದರೆ ಅದರ ಮುಖ್ಯ ರಸ್ತೆಗಳೆಲ್ಲ ಆ ಹಳಿಯನ್ನು ದಾಟಲೇಬೇಕು. ಉದ್ದದ ಒಂದು ಗಾಡಿ ನಿಂತರೆ ಊರು ಎರಡು ಹೋಳು. ಆಂಬುಲೆನ್ಸು ಒಂದು ಕಡೆ, ರೋಗಿ ಇನ್ನೊಂದು ಕಡೆ. ಬ್ಯಾರಿಂಗ್ಟನ್ ಹಣವಂತರ ಊರು, ಆದ್ದರಿಂದ ಅದಕ್ಕೆ ವಕೀಲರಿದ್ದರು, ದನಿಯಿತ್ತು. ದಾರಿಯಲ್ಲಿ ಇವೆರಡೂ ಇಲ್ಲದ ಊರುಗಳೂ ಇದ್ದವು.

ಅಮೆರಿಕದಲ್ಲಿ ಇಂಥ ವ್ಯವಹಾರಕ್ಕೆ 'ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡ್' ಎಂಬ ಕೇಂದ್ರ ಮಂಡಳಿಯ ಒಪ್ಪಿಗೆ ಬೇಕು. ಊರಿನ ಪುರಸಭೆಗೆ ಗಾಡಿಯನ್ನು ತಡೆಯುವ ಹಕ್ಕಿಲ್ಲ. ಮಂಡಳಿ 2008ರ ಡಿಸೆಂಬರ್ 24ರಂದು ಒಪ್ಪಿಗೆ ಕೊಟ್ಟಿತು, ಜೊತೆಗೆ ಷರತ್ತುಗಳನ್ನೂ ಹಾಕಿತು. ಅರೋರಾ ಎಂಬ ಕಡೆ ರಸ್ತೆ ಮತ್ತು ಹಳಿಯನ್ನು ಬೇರ್ಪಡಿಸುವ ಕಾಮಗಾರಿಗೆ ಶೇ 67ರಷ್ಟನ್ನು, ಲಿನ್‌ವುಡ್‌ನಲ್ಲಿ ಅಂಥದೇ ಕೆಲಸಕ್ಕೆ ಶೇ 78.5ರಷ್ಟನ್ನು ಕಂಪನಿಯೇ ಭರಿಸಬೇಕೆಂದಿತು. ಇಂಥ ಕೆಲಸದಲ್ಲಿ ರೈಲ್ವೆ ಕಂಪನಿಯ ಪಾಲು ಸಾಮಾನ್ಯವಾಗಿ ಶೇ 10ನ್ನು ಮೀರುತ್ತಿರಲಿಲ್ಲ. ಬ್ಯಾರಿಂಗ್ಟನ್‌ಗೆ ಮಾತ್ರ ಅಂಥ ಸೇತುವೆ ಸಿಗಲಿಲ್ಲ. ಅದು ನ್ಯಾಯಾಲಯಕ್ಕೆ ಹೋಗಿ 2011ರಲ್ಲಿ ಸೋತಿತು.

ಷರತ್ತು ಹಾಕಿದರೆ ಸಾಲದು, ಅದನ್ನು ಕಾಯಬೇಕು. ಯಾವ ಗೇಟು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಮುಚ್ಚಿತ್ತು ಎಂಬುದನ್ನು ಕಂಪನಿ ಮಂಡಳಿಗೆ ವರದಿ ಮಾಡುತ್ತಿರಬೇಕಿತ್ತು. 2009ರ ಕೊನೆಯ ಎರಡು ತಿಂಗಳಲ್ಲಿ ಅಂಥ ಪ್ರಸಂಗಗಳು ಹದಿನಾಲ್ಕು ಎಂದು ಕಂಪನಿ ವರದಿ ಕೊಟ್ಟಿತು. ಗೇಟುಗಳಲ್ಲಿದ್ದ ಯಂತ್ರಗಳ ದಾಖಲೆಯನ್ನು ತಪಾಸಣೆಗಾರರು ತೆಗೆದು ನೋಡಿದಾಗ ಸಿಕ್ಕ ಸಂಖ್ಯೆ 1,457. ನಿಂತ ಗಾಡಿಗಳನ್ನು ಮಾತ್ರ ಲೆಕ್ಕ ಹಿಡಿದಿದ್ದೆವು, ನಿಧಾನವಾಗಿ ಚಲಿಸುತ್ತಿದ್ದವನ್ನಲ್ಲ ಎಂಬುದು ಕಂಪನಿಯ ಸಮಜಾಯಿಷಿ. ಗೇಟಿನಲ್ಲಿ ಕಾದವನಿಗೆ ಆ ವ್ಯತ್ಯಾಸದಿಂದ ಏನು ಪ್ರಯೋಜನ? ಮಂಡಳಿ 2010ರಲ್ಲಿ ಎರಡೂವರೆ ಲಕ್ಷ ಡಾಲರ್ ದಂಡ ಹಾಕಿತು.

ನಗರದೊಳಗೇ ಉಳಿದ ಹಳಿಗಳಿಗಾಗಿ ಶಿಕಾಗೊ ಇನ್ನೊಂದು ದಾರಿಯನ್ನೂ ಹಿಡಿದಿದೆ. 2003ರಲ್ಲಿ ಶುರುವಾದ 'ಕ್ರಿಯೇಟ್' ಎಂಬ ಕಾರ್ಯಕ್ರಮದಲ್ಲಿ ಕೇಂದ್ರ, ರಾಜ್ಯ, ನಗರ ಮತ್ತು ರೈಲ್ವೆ ಕಂಪನಿಗಳು ಸೇರಿ ಎಪ್ಪತ್ತು ಕಾಮಗಾರಿಗಳನ್ನು ಪಟ್ಟಿ ಮಾಡಿದವು. ಪ್ರಯಾಣಿಕರ ಹಳಿ ಸರಕಿನ ಹಳಿಯನ್ನು ಒಂದೇ ಮಟ್ಟದಲ್ಲಿ ದಾಟುವ ಕಡೆ ಮೇಲ್ಸೇತುವೆ, ರಸ್ತೆ ದಾಟುವ ಕಡೆ ಕೆಳಸೇತುವೆ, ಹಳೆಯ ಸಿಗ್ನಲಿಗೆ ಬದಲು ಹೊಸತು. ಎಂಗಲ್‌ವುಡ್ ಎಂಬಲ್ಲಿ 2014ರಲ್ಲಿ ತೆರೆದ ಮೇಲ್ಸೇತುವೆ ಇವುಗಳಲ್ಲಿ ಒಂದು. ಇಲ್ಲಿ ಹಳಿ ಊರು ಬಿಡುವುದಿಲ್ಲ, ಊರಿನೊಡನೆ ಬಾಳುವುದನ್ನು ಕಲಿಯುತ್ತದೆ. ಹೆಸರು ಬರುವಂಥ ಕೆಲಸವಲ್ಲ, ದಶಕಗಟ್ಟಲೆ ಹಿಡಿಯುತ್ತದೆ. ಆದರೆ ಹೊಸದಾಗಿ ಯಾರ ಅಂಗಳಕ್ಕೂ ಗಾಡಿಯನ್ನು ಅಟ್ಟುವುದಿಲ್ಲ.

ಕಾಯುವಿಕೆಗಿಂತ ದೊಡ್ಡ ಭಯ

ಗೇಟಿನಲ್ಲಿ ಕಾಯುವುದು ಒಂದು ತೊಂದರೆ. ಗಾಡಿಯಲ್ಲಿ ಏನಿದೆ ಎಂಬುದು ಇನ್ನೊಂದು. ನೀರು ಶುದ್ಧಗೊಳಿಸಲು ಬೇಕಾದ ಕ್ಲೋರಿನ್, ಅಡುಗೆ ಅನಿಲ, ಕಚ್ಚಾ ತೈಲ ಎಲ್ಲವೂ ಇದೇ ಹಳಿಯ ಮೇಲೆ ಬರುತ್ತವೆ. 1979ರ ನವೆಂಬರ್ 10ರ ರಾತ್ರಿ ಕೆನಡಾದ ಟೊರಾಂಟೊ ಪಕ್ಕದ ಮಿಸಿಸಾಗದಲ್ಲಿ ಸರಕು ಗಾಡಿಯೊಂದು ಹಳಿ ತಪ್ಪಿ ಉರಿಯಿತು, ಕ್ಲೋರಿನ್ ಟ್ಯಾಂಕು ಸೋರಿತು. ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಊರು ಬಿಡಿಸಿದರು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ.

ಕ್ವಿಬೆಕ್ ಪ್ರಾಂತದ ಲಾಕ್ ಮೆಗಾಂಟಿಕ್ ಪಟ್ಟಣಕ್ಕೆ ಆ ಅದೃಷ್ಟ ಇರಲಿಲ್ಲ. 2013ರ ಜುಲೈ 6ರ ನಡುರಾತ್ರಿಯ ನಂತರ, ಮೇಲಿನ ಇಳಿಜಾರಿನಲ್ಲಿ ಸಿಬ್ಬಂದಿಯಿಲ್ಲದೆ ನಿಲ್ಲಿಸಿದ್ದ ತೈಲದ ಗಾಡಿ ತಾನಾಗಿ ಉರುಳಿ ಬಂದು ಪಟ್ಟಣದ ನಡುವೆ ಸ್ಫೋಟಿಸಿತು. 47 ಜನ ಸತ್ತರು. ಇನ್ನು ಊರೊಳಗೆ ಗಾಡಿ ಬೇಡ ಎಂದು ಉಳಿದವರು ಕೇಳಿದ್ದು ಸಹಜ. 2018ರಲ್ಲಿ ಕೆನಡಾ ಮತ್ತು ಕ್ವಿಬೆಕ್ ಸರ್ಕಾರಗಳು ಸುಮಾರು 12 ಕಿ.ಮೀ. ಸುತ್ತುಹಳಿಗೆ ಹಣ ಕೊಡಲು ಒಪ್ಪಿದವು. ಆದರೆ ಆ ಹಳಿ ಹಾದುಹೋಗಬೇಕಾದ ಪಕ್ಕದ ಹಳ್ಳಿ ಫ್ರಾಂಟೆನಾಕ್‌ನ ಜನ ತಮ್ಮ ಬಾವಿಗಳಿಗೆ, ಜಮೀನಿಗೆ, ಕಾಡಿಗೆ ಏನಾಗುತ್ತದೆ ಎಂದು ಕೇಳಿದರು. 2023ರ ಜನಮತದಲ್ಲಿ ಅವರು ಭಾರಿ ಬಹುಮತದಿಂದ ಬೇಡ ಎಂದರು. ಇಲ್ಲಿ ಎರಡು ಕಡೆಯವರಲ್ಲಿ ಯಾರನ್ನೂ ಸ್ವಾರ್ಥಿಗಳೆಂದು ಕರೆಯಲಾಗದು. ನೆಂಟರಿಷ್ಟರನ್ನು ಕಳೆದುಕೊಂಡವರ ಕಿವಿಗೆ ಗಾಡಿಯ ಸದ್ದು ಬೀಳಬಾರದು ಎನ್ನುವುದೂ ನ್ಯಾಯ, ಪೀಳಿಗೆಯಿಂದ ಉತ್ತ ಹೊಲ ಸೀಳಿಹೋಗಬಾರದು ಎನ್ನುವುದೂ ನ್ಯಾಯ.

ನಮ್ಮ ಗೇಟಿನ ಮುಂದೆ

ಈ ದೂರದ ಕಥೆಗಳು ನಮಗೂ ಹತ್ತಿರವಾಗುತ್ತಿವೆ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರ್‌ಪೇಟೆಯ ಕಡೆಯಿಂದ ದಂಡು ಪ್ರದೇಶಕ್ಕೆ. ಆಮೇಲೆ ಊರು ಹಳಿಯ ಸುತ್ತ ಬೆಳೆದ ಬಗೆ ಶಿಕಾಗೊದ್ದಕ್ಕಿಂತ ಬೇರೆಯಲ್ಲ. ಸಿಟಿ ಸ್ಟೇಷನ್ನಿನ ಬಳಿಯ ಗೂಡ್ಸ್ ಶೆಡ್ ರಸ್ತೆ ಎಂಬ ಹೆಸರು, ಸರಕು ಅಲ್ಲಿ ಇಳಿಯುತ್ತಿದ್ದ ಕಾಲದ ಗುರುತು. ಸರಕಿನ ದೊಡ್ಡ ಕೆಲಸ ಪೂರ್ವದ ವೈಟ್‌ಫೀಲ್ಡ್ ಕಡೆಗೆ ಸರಿಯಿತು. ಆಗ ಊರಾಚೆಯಾಗಿದ್ದ ವೈಟ್‌ಫೀಲ್ಡ್ ಇಂದು ಊರೊಳಗೇ ಸೇರಿ, ಅಲ್ಲಿನ ದಟ್ಟಣೆ ಎಲ್ಲರಿಗೂ ಗೊತ್ತಿರುವ ಸಂಗತಿಯಾಗಿದೆ.

2024ರಲ್ಲಿ ಬೆಂಗಳೂರಿನ ಸುತ್ತ ಸುಮಾರು 287 ಕಿ.ಮೀ. ಉದ್ದದ ವರ್ತುಲ ರೈಲಿನ ಪ್ರಸ್ತಾವ ಕೇಳಿಬಂತು. ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಹೆಜ್ಜಾಲ, ಸೋಲೂರುಗಳನ್ನು ಸೇರಿಸುವ ಬಳೆಯಂಥ ಮಾರ್ಗ ಅದು. ನಗರದ ಹಳಿಗಳ ಭಾರವನ್ನು ಇಳಿಸಲು ಇಂಥದೊಂದು ಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ನಡುವೆ ಹಳಿ ಹಗುರವಾದರೆ ಅದೇ ಹಳಿಯಲ್ಲಿ ದಿನದ ಕೆಲಸಕ್ಕೆ ಹೋಗಿಬರುವವರ ರೈಲುಗಳನ್ನು ಹೆಚ್ಚಿಸಬಹುದು.

ಆದರೆ ನಕ್ಷೆಯ ಮೇಲೆ ವರ್ತುಲ ಎಳೆಯುವಾಗ ಕೇಳಬೇಕಾದ ಪ್ರಶ್ನೆಗಳನ್ನು ಮೇಲಿನ ಊರುಗಳು ಈಗಾಗಲೇ ನಮಗಾಗಿ ಕೇಳಿ ಇಟ್ಟಿವೆ. ಸರಕು ಎಲ್ಲಿ ಇಳಿಯುತ್ತದೆ, ಅಲ್ಲಿಂದ ಪೇಟೆಯ ಅಂಗಡಿಗೆ ಯಾವ ರಸ್ತೆಯಲ್ಲಿ ಎಷ್ಟು ಲಾರಿ ಬರುತ್ತವೆ ಎಂಬುದನ್ನು ನ್ಯೂಯಾರ್ಕ್ ಕೇಳಿಸುತ್ತದೆ. ಖರ್ಚನ್ನು ಸರಕಿನ ಒಡೆಯರಿಂದ ಪಡೆಯಬಹುದೇ, ದಾರಿಯ ಹಳ್ಳಿಗೆ ಏನು ಸಿಗುತ್ತದೆ ಎಂಬುದನ್ನು ಲಾಸ್ ಏಂಜಲಿಸ್. ಗೇಟುಗಳ ಬದಲು ಕೆಳಸೇತುವೆಗಳನ್ನು ಯಾರ ಹಣದಲ್ಲಿ ಯಾವಾಗ ಕಟ್ಟಬೇಕು, ಮುಚ್ಚಿದ ಗೇಟಿನ ನಿಮಿಷಗಳನ್ನು ಯಾರು ಎಣಿಸಬೇಕು ಎಂಬುದನ್ನು ಶಿಕಾಗೊ. ಹಿಂದೆ ಊರಾಚೆ ಎಂದುಕೊಂಡದ್ದು ಇಪ್ಪತ್ತು ವರ್ಷದಲ್ಲಿ ಊರೊಳಗಾಗುತ್ತದೆ ಎಂಬುದಕ್ಕೆ ವೈಟ್‌ಫೀಲ್ಡ್‌ಗಿಂತ ದೂರ ಹೋಗಬೇಕಾಗಿಲ್ಲ. ವರ್ತುಲದ ಎರಡೂ ಬದಿಗೆ ಬಡಾವಣೆಗಳು ಏಳುವುದು ಖಚಿತ. ಮನೆಗಳು ಬಂದ ಮೇಲೆ ಕೆಳಸೇತುವೆ ಕಟ್ಟುವುದಕ್ಕಿಂತ, ಮೊದಲ ಗಾಡಿ ಓಡುವ ಮುನ್ನವೇ, ನೆಲ ಇನ್ನೂ ಹೊಲವಾಗಿರುವಾಗಲೇ ಕಟ್ಟುವುದು ಅಗ್ಗ. ಹೊಲದ ಒಡೆಯನನ್ನು ಕರೆದು ಕೇಳುವುದೂ ಆಗಲೇ ಆಗಬೇಕಾದ ಕೆಲಸ.